ಭಾರ ಇಳಿಸಿದ ಮೇಲೆ

ತಾನು ಎಷ್ಟು ಸಲ ತಟ್ಟಿದೆ ಎಂಬುದೇ ಅವನಿಗೆ ಸರಿಯಾಗಿ ನೆನಪಾಗಲಿಲ್ಲ. ಒಮ್ಮೆ ತಟ್ಟಿದ್ದು ಖಂಡಿತ, ಅದರಲ್ಲಿ ಮುಚ್ಚುಮರೆಯೇನಿಲ್ಲ, ಈ ಕಸುಬಿನವರೆಲ್ಲ ಮಾಡುವುದೇ ಅದು. ಕೈಗಡಿಯಾರಕ್ಕಿಂತ ಸ್ವಲ್ಪ ದೊಡ್ಡದಾದ ಡಯಲ್ ಗೇಜಿನ ಹೊಟ್ಟೆಯಲ್ಲಿ ಸಣ್ಣ ಹಲ್ಲಿನ ಚಕ್ರಗಳಿರುತ್ತವೆ. ರಾತ್ರಿಯ ತಂಡಿಗೋ ಧೂಳಿಗೋ ಅವು ಹಿಡಿದುಕೊಂಡು, ಸೂಜಿ ಬರಬೇಕಾದಲ್ಲಿಗೆ ಬಾರದೆ ನಡುವೆಯೇ ನಿಂತುಬಿಡುವುದುಂಟು. ಅದಕ್ಕೇ ಓದುವ ಮುಂಚೆ ಗಾಜಿನ ಮೇಲೆ ಉಗುರಿನಿಂದ ಟಕ್ ಎಂದು ಒಮ್ಮೆ ತಟ್ಟಬೇಕು. ಅವನೂ ತಟ್ಟಿದ. ಸೂಜಿ ಕೂದಲೆಳೆಯಷ್ಟು ಅಲ್ಲಾಡಿ, ನಿನ್ನೆ ಅವನೇ ಗಾಜಿನ ಮೇಲೆ ಎಳೆದಿದ್ದ ಕೆಂಪು ಗೆರೆಗಿಂತ ಈಚೆಗೇ ನಿಂತಿತು. ಆಮೇಲೆ? ಆಮೇಲೆ ಇನ್ನೊಮ್ಮೆ ತಟ್ಟಿದ, ಬಹುಶಃ ಮತ್ತೂ ಒಮ್ಮೆ, ಪೆನ್ನಿನ ಹಿಂಬದಿಯಿಂದ, ಉಗುರಿಗಿಂತ ಜೋರಾಗಿಯೇ. ಸೂಜಿ ಸರಕ್ಕನೆ ಗೆರೆ ದಾಟಿ ಕೂತಿತು. ಅಷ್ಟು ಹೊತ್ತಿಗೆ ಕೆಳಗಿನಿಂದ ಮೇಸ್ತ್ರಿ ಕತ್ತೆತ್ತಿ ಕೂಗಿದ್ದ: "ಏನ್ ಸಾರ್, ಬಂತಾ?" ಯೋಚಿಸುವುದಕ್ಕೆ ಪುರಸೊತ್ತೇ ಇಲ್ಲದಂತೆ ಅವನ ಬಾಯಿಂದ ಮಾತು ಜಾರಿತ್ತು: "ಬಂತು."

ಅವನು ನಿಂತಿದ್ದದ್ದು ಸಭಾಂಗಣದ ಗ್ಯಾಲರಿಯ ಕೆಳಗೆ ಕಟ್ಟಿದ ಅಟ್ಟಣಿಗೆಯ ಮೇಲೆ. ಗೋಡೆಯಿಂದ ಹೊರಚಾಚಿದ ಗ್ಯಾಲರಿಯ ಅಡಿಭಾಗ ಅವನ ನೆತ್ತಿಗೆ ತಾಗುವಷ್ಟು ಹತ್ತಿರ. ಸುಣ್ಣದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಲ್ಲಿ ಗೋಡೆಯ ಬಳಿ ಎಲ್ಲೋ ಒಂದು ಬಿರುಕು ಕಂಡಿತೆಂದು ಸಭಾಂಗಣದ ಕಾರ್ಯದರ್ಶಿ ಹೆದರಿ ಇವರನ್ನು ಕರೆಸಿದ್ದರು. ಇವರೆಂದರೆ ಅವನ ಭಾವನ ಕಂಪನಿ: ಕಟ್ಟಡಗಳ ಮೇಲೆ ಭಾರ ಹೇರಿ, ಎಷ್ಟು ಬಾಗುತ್ತದೆ ನೋಡಿ, ಭಾರ ಇಳಿಸಿ, ಎಷ್ಟು ಹಿಂದಕ್ಕೆ ಬರುತ್ತದೆ ನೋಡಿ, ಪರವಾಗಿಲ್ಲ ಎಂದೋ ಅಪಾಯವಿದೆ ಎಂದೋ ಹೇಳುವವರು. ಮೊನ್ನೆ ಮೇಸ್ತ್ರಿಯ ಆಳುಗಳು ಗ್ಯಾಲರಿಯ ತುಂಬ ಮರಳಿನ ಚೀಲ ಹೇರಿದ್ದರು. ಒಂದು ಹಗಲು ಒಂದು ರಾತ್ರಿ ಗ್ಯಾಲರಿ ಅದನ್ನು ಹೊತ್ತುಕೊಂಡು, ಕಣ್ಣಿಗೆ ಕಾಣದಷ್ಟು, ಆದರೆ ಗೇಜಿಗೆ ಚೆನ್ನಾಗಿಯೇ ಕಾಣುವಷ್ಟು ಬಾಗಿತ್ತು. ನಿನ್ನೆ ಚೀಲಗಳನ್ನೆಲ್ಲ ಇಳಿಸಿದರು. ಇವತ್ತು ಬೆಳಿಗ್ಗೆಯ ಹೊತ್ತಿಗೆ ಆ ಬಾಗಿನ ಮುಕ್ಕಾಲು ಪಾಲಾದರೂ ಹಿಂದಕ್ಕೆ ಬಂದಿರಬೇಕು. ಮುಕ್ಕಾಲು ಎಲ್ಲಿಗೆ ಎಂಬುದೇ ಆ ಕೆಂಪು ಗೆರೆ. ಬಂದರೆ ಕಾಂಕ್ರೀಟು ಒಳಗಿನಿಂದ ಗಟ್ಟಿಯಾಗಿದೆ ಎಂದು; ಬಾರದಿದ್ದರೆ ಒಳಗೆಲ್ಲೋ ಏನೋ ಮುರಿದಿದೆ, ಅದಕ್ಕಿನ್ನು ಮೊದಲಿನಂತಾಗಲು ಆಗುವುದಿಲ್ಲ ಎಂದು. ಎಷ್ಟು ಸರಳ! ಓದುವ ಕಾಲದಲ್ಲಿ ಅವನಿಗೆ ತುಂಬ ಇಷ್ಟವಾಗಿದ್ದ ಪಾಠವೇ ಇದು. ಸ್ಥಿತಿಸ್ಥಾಪಕ ವಸ್ತು ಎಂದರೆ ಎಷ್ಟು ಭಾರವೋ ಅಷ್ಟು ಬಾಗು, ಎರಡರಷ್ಟು ಭಾರಕ್ಕೆ ಎರಡರಷ್ಟು ಬಾಗು, ಭಾರ ತೆಗೆದರೆ ಏನೂ ಆಗಿಯೇ ಇಲ್ಲವೆಂಬಂತೆ ಮೊದಲಿನ ಸ್ಥಿತಿ. ಜಗತ್ತಿನಲ್ಲಿ ಇಷ್ಟು ನ್ಯಾಯವಾಗಿ ನಡೆದುಕೊಳ್ಳುವುದೂ ಒಂದು ಇದೆಯಲ್ಲ ಎಂದು ಆಗ ಖುಷಿಪಟ್ಟಿದ್ದ ಪುಣ್ಯಾತ್ಮ. ಮಿತಿಯೊಳಗೆ ಇರುವವರೆಗೆ ಮಾತ್ರ ಎಂದು ಮೇಷ್ಟ್ರು ಸೇರಿಸಿದ್ದನ್ನು ಬರೆದುಕೊಂಡಿದ್ದ, ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಕೆಳಗೆ ಇಳಿಯುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕಾರ್ಯದರ್ಶಿ, ಎತ್ತರದ ನಿಲುವಿನ ವಯಸ್ಸಾದ ಹೆಂಗಸು, ಆಗಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಬಂತಂತೆ, ಏನೂ ತೊಂದ್ರೆ ಇಲ್ವಂತೆ, ನಾಳೆ ಮೇಲೂ ಕೂರಿಸ್ಬಹುದು." ನಾಳೆ ಮಕ್ಕಳ ಹಾಡಿನ ಕಾರ್ಯಕ್ರಮ. ಮಕ್ಕಳು ವೇದಿಕೆಯ ಮೇಲೆ, ಅವರ ಅಪ್ಪ ಅಮ್ಮ ಅಜ್ಜಿ ತಾತಂದಿರು ಕೆಳಗೂ ಮೇಲೂ. ಅವರು ಸುಮ್ಮನೆ ಕೂರುವ ಪೈಕಿಯಲ್ಲ. ತಮ್ಮ ಮಗು ವೇದಿಕೆಗೆ ಬಂದ ಕೂಡಲೇ ಎದ್ದು ಗ್ಯಾಲರಿಯ ಅಂಚಿಗೆ ನುಗ್ಗಿ ಕಂಬಿಗೆ ಒತ್ತಿಕೊಂಡು ಫೋಟೋ ತೆಗೆಯುವವರು. ಮರಳಿನ ಚೀಲವಾದರೂ ಇಟ್ಟಲ್ಲಿ ಇರುತ್ತದೆ. ಕಾರ್ಯದರ್ಶಿ ತಾವೇ ಟೀ ತಂದುಕೊಟ್ಟು, "ನಿಮ್ಮಿಂದ ಎದೆ ಮೇಲಿನ ಕಲ್ಲು ಇಳೀತಪ್ಪ" ಎಂದರು. ಟೀ ತುಂಬ ಬಿಸಿಯಿತ್ತು. ನಾಲಗೆ ಸುಟ್ಟರೂ ಕುಡಿದ, ಕುಡಿಯುತ್ತಿರುವಷ್ಟು ಹೊತ್ತು ಮಾತಾಡಬೇಕಾಗಿಲ್ಲವಲ್ಲ. ಮೇಸ್ತ್ರಿ ಅವನನ್ನೇ ನೋಡುತ್ತಿದ್ದಾನೆ ಅನ್ನಿಸಿತು. ತಿರುಗಿ ನೋಡಿದರೆ ಮೇಸ್ತ್ರಿ ಬೀಡಿಗೆ ಬೆಂಕಿಕಡ್ಡಿ ಹುಡುಕುತ್ತಿದ್ದ, ಅಷ್ಟೆ.

ತಟ್ಟಿದರೆ ಸೂಜಿ ಸಡಿಲಾಗಿ ನಿಜವಾದ ಜಾಗಕ್ಕೆ ಬಂದಿರಬಹುದು. ಅಥವಾ ಪೆನ್ನಿನ ಪೆಟ್ಟಿಗೆ ಗೇಜು ಹಿಡಿದ ಸ್ಟ್ಯಾಂಡಿನ ತೋಳೇ ಒಂದಿಷ್ಟು ಜಗ್ಗಿ, ಸೂಜಿ ಓದುತ್ತಿರುವುದು ಗ್ಯಾಲರಿಯನ್ನಲ್ಲ, ಅವನ ಪೆಟ್ಟನ್ನು ಎಂದೂ ಆಗಿರಬಹುದು. ಗೇಜಿನ ಮೊನೆ ಕಾಂಕ್ರೀಟಿಗೆ ತಾಗಿರುವುದು ಎಷ್ಟು ಜಾಗದಲ್ಲಿ? ಅಲ್ಲಿ ಅಂಟಿಸಿದ್ದ ಗಾಜಿನ ತುಣುಕಿನ ಮೇಲೆ, ಸಾಸಿವೆ ಕಾಳಿನ ನೆರಳಿಗಿಂತ ಕಡಿಮೆ ಜಾಗದಲ್ಲಿ. ಎರಡು ವಸ್ತುಗಳು ಮೈಗೆ ಮೈ ಒತ್ತಿಕೊಂಡಂತೆ ಕಂಡರೂ ನಿಜವಾಗಿ ತಾಗುವುದು ಒಂದೆರಡು ಉಬ್ಬುಗಳಲ್ಲಿ ಮಾತ್ರ, ಪೂರ್ತಿ ಭಾರ ಹೊರುವುದು ಆ ಉಬ್ಬುಗಳೇ, ಉಳಿದದ್ದೆಲ್ಲ ನಡುವಿನ ಗಾಳಿ. ಅವನೂ ಅವನ ಹೆಂಡತಿಯೂ ಮಲಗುವ ಮಂಚ ಅಷ್ಟೇನೂ ಅಗಲದ್ದಲ್ಲ. ನಿದ್ದೆಯಲ್ಲಿ ಮೊಣಕೈ ತಾಗುತ್ತದೆ, ಬೆನ್ನು ತಾಗುತ್ತದೆ. ಅವನು ಕೈಚಾಚಿ ಅವಳ ಭುಜದ ಮೇಲಿಟ್ಟರೆ ಅವಳು ಕೊಡವುವುದಿಲ್ಲ, ಹಾಗೆಂದು ಹಿಡಿದುಕೊಳ್ಳುವುದೂ ಇಲ್ಲ. ಕೈ ಅಲ್ಲೇ ಇರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದಕ್ಕೇ ನಾಚಿಕೆಯಾಗಿ ತಾನಾಗಿ ಹಿಂದಕ್ಕೆ ಬರುತ್ತದೆ. "ಕೋಪ ಹೋಯ್ತಾ?" ಎಂದು ಕೇಳುತ್ತಾನೆ. "ಯಾವ ಕೋಪ?" ಎನ್ನುತ್ತಾಳೆ. "ಅಲ್ಲ, ಅವತ್ತಿಂದು..." "ಏನಿಲ್ಲ ಬಿಡ್ರೀ." ಅಲ್ಲಿಗೆ ಬಿಡಬಹುದಿತ್ತು. ಅವನು ಬಿಡುವುದಿಲ್ಲ. ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುವಾಗ ಮತ್ತೆ ಕೇಳುತ್ತಾನೆ: "ಎಲ್ಲಾ ಸರಿ ಹೋಯ್ತು ತಾನೆ?" ಚಪ್ಪಲಿ ಮೆಟ್ಟಿಕೊಳ್ಳುವಾಗ ಮತ್ತೆ. ಕೊನೆಗೆ ಅವಳು ಬಾಚಣಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಹೂಂ, ಸರಿ ಹೋಯ್ತು" ಎನ್ನುತ್ತಾಳೆ, ಆಗ ಅವನಿಗೆ ಸಮಾಧಾನವಾಗಿ ಆಫೀಸಿಗೆ ಹೊರಡುತ್ತಾನೆ. ಸಂಜೆಯ ಹೊತ್ತಿಗೆ ಆ ಸಮಾಧಾನ ಮುಗಿದಿರುತ್ತದೆ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ನೋಡುವಾಗ, ಈಗ ಚೆನ್ನಾಗಿ ಕಾಣ್ತಿದೆ ಅಲ್ವಾ ಎಂದು ಕೇಳಲೇಬಾರದಂತೆ. ಹಾಗೆ ಕೇಳಿದರೆ ಪಾಪದ ಜನ ಹೌದು ಹೌದು ಎಂದುಬಿಡುತ್ತಾರಂತೆ, ಮನೆಗೆ ಹೋಗಿ ತಲೆನೋವು ಬರಿಸಿಕೊಳ್ಳುತ್ತಾರಂತೆ. ಇದನ್ನು ಅವಳು ಎಂದೋ ಒಮ್ಮೆ ನಗುತ್ತ ಹೇಳಿದ್ದಳು, ಆಗ ಅವಳು ಅವನ ಹತ್ತಿರ ನಗುತ್ತಿದ್ದ ಕಾಲ.

ಅವತ್ತು ಊಟಕ್ಕೆ ಕೂತಿದ್ದದ್ದು ಅಕ್ಕನ ಮನೆಯಲ್ಲಿ. ಬಂದಿದ್ದ ನೆಂಟರಿಗೆ ಭಾವ ಯಾವುದೋ ಗೋದಾಮಿನ ಅಟ್ಟದ ಪರೀಕ್ಷೆಯ ಬಗ್ಗೆ ಹೇಳುತ್ತಿದ್ದರು, ತಮ್ಮವರು ಹೇಗೆ ಬಿಸಿಲಲ್ಲಿ ನಿಂತು ಗೇಜು ಓದಿದರು, ಎಷ್ಟು ಕಷ್ಟಪಟ್ಟರು ಎಂದು. ಅವನ ಹೆಂಡತಿ ತಟ್ಟೆ ಮುಂದಕ್ಕೆ ಸರಿಸಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ತಮಾಷೆಗೆ, "ಅಯ್ಯೋ ಭಾವ, ಅಲ್ಲಿಗೆ ಯಾರೂ ಹೋಗೇ ಇರ್ಲಿಲ್ವಂತಲ್ಲ, ಆಫೀಸಲ್ಲೇ ಕೂತು ಬರೆದ್ರಂತೆ!" ಎಂದುಬಿಟ್ಟಳು. ಅವನೇ ಅವಳಿಗೆ ಹೇಳಿದ್ದು. ಹಾಸಿಗೆಯಲ್ಲಿ, ದೀಪ ಆರಿಸಿದ ಮೇಲೆ, ಮನಸ್ಸು ತಡೆಯದೆ ಹೇಳಿಕೊಂಡಿದ್ದ. ಊಟದ ಮೇಜಿನ ಸುತ್ತ ಎಲ್ಲರ ಕೈಯೂ ನಿಂತಿತು. ಅಕ್ಕನ ಮುಖ ಬಿಳಿಚಿತು. ಭಾವ ಸಿಟ್ಟಾಗಲಿಲ್ಲ. ಬಾಯೊರೆಸಿಕೊಂಡು ಅವನ ಕಡೆ ತಿರುಗಿ, ಮೆಲ್ಲಗೆ, "ಹೌದೇನಯ್ಯಾ? ಹಾಗಂತ ನೀನು ಹೇಳಿದ್ದಾ?" ಎಂದರು. ಎರಡು ಕಡೆ ಕೆಲಸ ಹೋಗಿ ಮನೆಯಲ್ಲಿ ಸುಮ್ಮನೆ ಕೂತಿದ್ದವನನ್ನು ಕರೆದು ಕೆಲಸ ಕೊಟ್ಟ ಭಾವ. ಆಫೀಸಿನವರೆಲ್ಲರ ಎದುರಿಗೆ ಅವನನ್ನು ಮಿಲಿಮೀಟರ್ ಎಂದು ಕರೆದು, ಅವರು ನಕ್ಕಾಗ ಅವನೂ ನಗುವಂತೆ ಮಾಡಿದ ಭಾವ. ಅವನು ಹೇಳಿದ: "ಇಲ್ಲಪ್ಪ, ನಾನ್ಯಾಕೆ ಹೇಳ್ಲಿ. ಇವಳಿಗೇನ್ ಗೊತ್ತು, ಬಾಯಿಗೆ ಬಂದದ್ದು ಹೇಳ್ತಾಳೆ." ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅದಕ್ಕಿಂತ ಮುಂದೆ ಹೋಗಿ, "ತಪ್ಪಾಯ್ತು ಅನ್ನು ಭಾವಂಗೆ" ಎಂದ. ಅವಳು ಅವನನ್ನು ನೋಡಿದಳು. ತುಂಬ ಹೊತ್ತು ನೋಡಿದಳು ಎನ್ನುವಂತೇನೂ ಇಲ್ಲ, ಒಂದು ಸಲ ನೋಡಿದಳು. ಆಮೇಲೆ ಭಾವನ ಕಡೆ ತಿರುಗಿ, "ತಪ್ಪಾಯ್ತು" ಎಂದಳು, ಅಕ್ಕನ ಕಡೆ ತಿರುಗಿ ಇನ್ನೊಮ್ಮೆ ಎಂದಳು, ತಟ್ಟೆ ಹತ್ತಿರಕ್ಕೆಳೆದುಕೊಂಡು ಊಟ ಮುಂದುವರಿಸಿದಳು. ಮರುದಿನ ಎಂದಿನಂತೆ ಎದ್ದಳು, ಎಂದಿನಂತೆ ಅಂಗಡಿಗೆ ಹೋದಳು. ಜಗಳವಿಲ್ಲ, ಅಳುವಿಲ್ಲ, ತವರಿಗೆ ಹೋಗುತ್ತೇನೆ ಎಂಬ ಮಾತಿಲ್ಲ. ಎಲ್ಲ ಮೊದಲಿನಂತೆಯೇ. ಅವನಿಗೆ ದಿಗಿಲು ಹುಟ್ಟಿಸಿದ್ದು ಇದೇ.

"ಸಾರ್, ಅಟ್ಟಣಿಗೆ ಬಿಚ್ಚಲಾ?" ಮೇಸ್ತ್ರಿ ಹತ್ತಿರ ಬಂದು ಕೇಳಿದ. "ತಡಿ" ಎಂದ. "ಎಲ್ಲಾ ಆಯ್ತಲ್ಲ ಸಾರ್, ಆಳುಗಳು ಕಾಯ್ತಾವ್ರೆ." "ತಡಿ ಅಂದ್ನಲ್ಲ ಮಾರಾಯ!" ಎಂದು ಗದರಿಯೇಬಿಟ್ಟ, ಮೇಸ್ತ್ರಿ ಹುಬ್ಬೇರಿಸಿ ಹಿಂದಕ್ಕೆ ಸರಿದ. ಅವನು ಮತ್ತೆ ಅಟ್ಟಣಿಗೆ ಹತ್ತಿದ. ಗೇಜಿನ ಮುಂದೆ ಮುಖವಿಟ್ಟು, ಮುಟ್ಟದೆ, ಉಸಿರೂ ತಾಗಿಸದೆ ನೋಡಿದ. ಸೂಜಿ ಗೆರೆಯಾಚೆ ತಣ್ಣಗೆ ಕೂತಿತ್ತು, ತಾನೇ ಬಂದು ಕೂತಂತೆ. ತೋಳಿನ ತಿರುಪು ಬಿಗಿಯಾಗಿದೆಯೇ ಎಂದು ನೋಡಬೇಕೆಂದರೆ ಮುಟ್ಟಬೇಕು, ಮುಟ್ಟಿದರೆ ಇನ್ನಷ್ಟು ಕೆಡುತ್ತದೆ. ಯಾವುದು ಗ್ಯಾಲರಿಯದು, ಯಾವುದು ತನ್ನದು ಎಂದು ಬೇರ್ಪಡಿಸಲು ಈಗ ದೇವರಿಂದಲೂ ಆಗುವುದಿಲ್ಲ. ಗ್ಯಾಲರಿ ಗಟ್ಟಿಯಾಗಿಯೇ ಇರಬಹುದು, ನಾಳೆ ಏನೂ ಆಗದೇ ಹೋಗಬಹುದು, ಇನ್ನು ಐವತ್ತು ವರ್ಷ ಏನೂ ಆಗದೇ ಇರಬಹುದು. ಹಾಗಾದರೂ ತನಗೆ ಅದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಕೂಗಿ ಹೇಳಿಯಾಗಿದೆ. ತಿಳಿದುಕೊಳ್ಳಲಿಕ್ಕಿರುವುದು ಒಂದೇ ದಾರಿ: ಮತ್ತೆ ಚೀಲ ಹೇರಿ, ಮತ್ತೆ ಇಳಿಸಿ, ಮತ್ತೆ ಕಾಯಬೇಕು. ಅಂದರೆ ಮಕ್ಕಳ ಕಾರ್ಯಕ್ರಮಕ್ಕೆ ಗ್ಯಾಲರಿ ಇಲ್ಲ, ಅಂದರೆ ಕೆಳಗಿರುವ ಅಷ್ಟೂ ಜನರ ಎದುರು ಬಂತು ಎಂದವನೇ ಬರಲಿಲ್ಲ ಎನ್ನಬೇಕು, ಅಂದರೆ ಭಾವ. ಅಲ್ಲಿಗೆ ಬರುವಷ್ಟರಲ್ಲಿ ಅವನ ಯೋಚನೆ ಪ್ರತಿ ಸಲವೂ ಕುಂಟತೊಡಗಿ, ಸೂಜಿ ಅಂಟಿಕೊಂಡೇ ಇತ್ತೇನೋ, ತಟ್ಟಿದ್ದೇ ಒಳ್ಳೆಯದಾಯಿತೇನೋ ಎಂದು ಹಿಂದಕ್ಕೆ ತಿರುಗುತ್ತಿತ್ತು. ಎಂಥ ಹೇಡಿ ನೀನು ಎಂದು ತನಗೆ ತಾನೇ ಬೈದುಕೊಂಡ. ಬೈದುಕೊಂಡಾಗಲೂ ಒಂಥರಾ ಹಿತವೇ ಆಯಿತು, ಅದಕ್ಕೂ ಅಸಹ್ಯಪಟ್ಟುಕೊಂಡ.

ಕೆಳಗೆ ಬಾಗಿಲಲ್ಲಿ ಭಾವನ ಧ್ವನಿ ಕೇಳಿಸಿತು. ಕಾರ್ಯದರ್ಶಿಯೇ ಫೋನು ಮಾಡಿ ಕರೆದಿರಬೇಕು, ಇಲ್ಲವೇ ಒಳ್ಳೆಯ ಸುದ್ದಿಯನ್ನು ಸ್ವತಃ ಹೇಳಿ ಹೋಗೋಣವೆಂದು ಬಂದಿರಬೇಕು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾರಿನ ಕೀಲಿ, ಮುಖದ ತುಂಬ ನಗು. "ಏನಯ್ಯಾ ಮಿಲಿಮೀಟರ್, ಇನ್ನೂ ಮೇಲೇ ಇದ್ದೀಯ? ಬಂತಂತಲ್ಲ, ಇಳಿ ಇಳಿ!" ಎಂದರು. ಮೇಸ್ತ್ರಿಯ ಆಳುಗಳು ಕಿಸಕ್ಕೆಂದರು. ಅವನು ಇಳಿದ. ಕೊನೆಯ ಪೈಪಿನ ಮೇಲಿಂದ ಕಾಲು ಜಾರಿ ಮುಗ್ಗರಿಸಿದ, ಭಾವನೇ ರಟ್ಟೆ ಹಿಡಿದು ನಿಲ್ಲಿಸಿದರು.

"ಭಾವ, ಇನ್ನೊಂದ್ಸಲ ಭಾರ ಹಾಕ್ಬೇಕು" ಎಂದ.

"ಯಾಕೆ?"

"ನಾನು ತಟ್ಟಿದೆ."

"ತಟ್ಟದೆ ಇನ್ನೇನ್ ಮುದ್ದು ಮಾಡ್ತಾರಾ? ಎಲ್ರೂ ತಟ್ತಾರೆ."

"ಒಂದ್ಸಲ ಅಲ್ಲ ಭಾವ." ಜೇಬಿನ ಪೆನ್ನು ತೆಗೆದು ತೋರಿಸಿದ. "ಬರೋವರೆಗೂ ತಟ್ಟಿದೆ."

ಸಭಾಂಗಣ ಖಾಲಿಯಾದ್ದರಿಂದ ಮಾತು ಗೋಡೆಗೆ ತಾಗಿ ಎಲ್ಲರಿಗೂ ಕೇಳಿಸಿತು. ಕಾರ್ಯದರ್ಶಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಹಾಗಂದ್ರೆ? ಬಂದಿದ್ಯಾ ಇಲ್ವಾ?" ಎಂದು ಭಾವನನ್ನು ಕೇಳಿದರು. "ಬಂದಿದೆ ಮೇಡಂ, ಇವನಿಗೆ ಸ್ವಲ್ಪ ಅನುಮಾನದ ಕಾಯಿಲೆ" ಎಂದು ಭಾವ ನಕ್ಕು, ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗುವವರಂತೆ ನಾಲ್ಕು ಹೆಜ್ಜೆ ಹೋದರು. ಹೆಗಲ ಮೇಲಿನ ಕೈ ಭಾರವಾಗಿತ್ತು. "ಇದೆಲ್ಲ ನಿನ್ ಬುದ್ಧಿ ಅಲ್ಲ" ಎಂದರು, ಧ್ವನಿ ತಗ್ಗಿಸಿ, ಆದರೆ ಸಾಕಷ್ಟು ತಗ್ಗಿಸದೆ. "ಮನೇಲಿ ಯಾರು ಕಿವಿ ಊದ್ತಾರೆ ಅಂತ ನಂಗೊತ್ತಿಲ್ವಾ? ಅವತ್ತೇ ನೋಡಿದ್ನಲ್ಲ ಅವಳ ನಾಲಗೆ. ಅವಳ ಮಾತು ಕೇಳ್ಕೊಂಡು ಅನ್ನದ ತಟ್ಟೆಗೆ ಮಣ್ಣು ಹಾಕ್ಕೋಬೇಡ."

ಈಗಲೂ ಸುಮ್ಮನಿರಬಹುದಿತ್ತು. ತಲೆ ತಗ್ಗಿಸಿ ಹೂಂ ಎಂದರೆ ಗ್ಯಾಲರಿಯ ಮಾತೂ ಮುಗಿಯುತ್ತಿತ್ತು, ಅವಳ ಮಾತೂ ಮುಗಿಯುತ್ತಿತ್ತು. ಅವನ ತಲೆ ತನ್ನಷ್ಟಕ್ಕೆ ತಗ್ಗಿಯೂ ಇತ್ತು. "ಅವತ್ತು ಅವಳು ಹೇಳಿದ್ದು ಸುಳ್ಳಲ್ಲ ಭಾವ" ಎಂದು ನೆಲ ನೋಡಿಕೊಂಡೇ ಹೇಳಿದ. ಧ್ವನಿ ಗಂಡಸಿನ ಧ್ವನಿಯಂತೆಯೇ ಬರಲಿಲ್ಲ, ಕೀಚಲಾಗಿ ಬಂತು. "ಗೋದಾಮಿಗೆ ಯಾರೂ ಹೋಗ್ಲಿಲ್ಲ ಅಂತ ಅವಳಿಗೆ ಹೇಳಿದ್ದೇ ನಾನು. ಸುಳ್ಳು ಹೇಳಿದ್ದೂ ನಾನೇ." ಮೇಸ್ತ್ರಿ ಬೇರೆ ಕಡೆ ಮುಖ ತಿರುಗಿಸಿಕೊಂಡ. ಅದು ಅವನಿಗೆ ಎಲ್ಲಕ್ಕಿಂತ ಜಾಸ್ತಿ ನಾಚಿಕೆ ತಂದಿತು. ಭಾವ ಕೈ ತೆಗೆದರು. ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡರು. "ಸರಿ. ಗೇಜೆಲ್ಲ ಪೆಟ್ಟಿಗೇಲಿ ಹಾಕಿ ಆಫೀಸಲ್ಲಿಟ್ಟು ಹೋಗು. ನಾಳೆಯಿಂದ ಬರೋದ್ ಬೇಡ. ನಿಮ್ಮಕ್ಕಂಗೆ ನೀನೇ ಹೇಳ್ಕೋ" ಎಂದು, ಕಾರ್ಯದರ್ಶಿಯ ಕಡೆ ನೋಡದೆ ಹೊರಟುಹೋದರು.

ಕಾರ್ಯದರ್ಶಿ ತಮ್ಮ ಕೀಲಿಗೊಂಚಲು ತೆಗೆದರು. ಮೆಟ್ಟಿಲು ಹತ್ತಿ ಹೋಗಿ ಗ್ಯಾಲರಿಯ ಬಾಗಿಲಿಗೆ ಬೀಗ ಜಡಿದು, ಎಳೆದು ನೋಡಿ, ಏದುಸಿರು ಬಿಡುತ್ತ ಇಳಿದು ಬಂದರು. "ನಾಳೆ ಎಲ್ರೂ ಕೆಳಗೇ ಕೂತ್ಕೊಳ್ಳಿ, ಜಾಗ ಸಾಲ್ದಿದ್ರೆ ನಿಂತ್ಕೊಳ್ಳಿ" ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಅವನ ಕಡೆ ತಿರುಗಿ, "ಮೊದ್ಲೇ ಹೇಳೋಕೇನ್ರೀ ದಾಡಿ ನಿಮಗೆ? ಊರಿಗೆಲ್ಲ ಫೋನ್ ಮಾಡಿ ಆಯ್ತು ನಾನು" ಎಂದು ಗದರಿದರು. ಧನ್ಯವಾದವಂತೂ ಹೇಳಲಿಲ್ಲ. ಹೇಳಬಹುದೆಂದು ತಾನು ಕಾಯುತ್ತಿದ್ದದ್ದು ಅವನಿಗೆ ಆಗಲೇ ತಿಳಿದದ್ದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೆಲಸ ಹೋಯಿತು ಎಂಬುದು ಇನ್ನೂ ಮೈಗೆ ಇಳಿದಿರಲಿಲ್ಲ. ಅವನು ಯೋಚಿಸುತ್ತಿದ್ದದ್ದು ಹೆಂಡತಿಗೆ ಹೇಗೆ ಹೇಳುವುದೆಂದು, ಯಾವುದನ್ನು ಮೊದಲು ಯಾವುದನ್ನು ಆಮೇಲೆ. ಭಾವ ಹೀಗೆಂದರು, ಆಗ ನಾನು ಹೀಗೆಂದೆ. ಕೀಚಲು ಧ್ವನಿಯನ್ನು ಬಿಟ್ಟ, ನೆಲ ನೋಡಿದ್ದನ್ನು ಬಿಟ್ಟ. ಕೇಳುತ್ತ ಕೇಳುತ್ತ ಅವಳ ಮುಖ ಅರಳುತ್ತದೆ, ಅವಳು ಹತ್ತಿರ ಬಂದು ಕೂರುತ್ತಾಳೆ, ಎಲ್ಲ ಮೊದಲಿನಂತಾಗುತ್ತದೆ. ಎರಡು ನಿಲ್ದಾಣ ದಾಟುವವರೆಗೆ ಇದನ್ನೇ ತಿರುಗಿಸಿ ತಿರುಗಿಸಿ ನೋಡಿದವನು, ಥೂ, ಇದಕ್ಕಾಗಿಯೇ ಹೇಳಿದೆನೇ ಎಂದು ಗಾಬರಿಯಾಗಿ ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ವಾಂತಿ ಬರೋ ಹಾಗಿದ್ರೆ ಹೊರಗೆ ಮಾಡಪ್ಪ" ಎಂದು ಸೆರಗು ಎಳೆದುಕೊಂಡಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿ ಅಂಗಡಿಯಿಂದ ಬಂದು, ಒಣಗಿದ ಬಟ್ಟೆಗಳನ್ನು ಮಂಚದ ಮೇಲೆ ರಾಶಿ ಹಾಕಿಕೊಂಡು ಮಡಿಚುತ್ತಿದ್ದಳು. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಹೇಳಿದ. ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಹಿಂದುಮುಂದಾಗಿ, ಕೀಚಲು ಧ್ವನಿಯೂ ನೆಲ ನೋಡಿದ್ದೂ ಸೇರಿಯೇ ಹೊರಗೆ ಬಂತು. ಅವಳು ಮಡಿಚುವುದನ್ನು ನಿಲ್ಲಿಸಲಿಲ್ಲ. ಅವನ ಅಂಗಿಯೊಂದರ ತೋಳನ್ನು ಹಿಂದಕ್ಕೆ ಮಡಿಚಿ, ಅಂಗೈಯಿಂದ ಸುಕ್ಕು ತೀಡಿದಳು.

"ಎಲ್ಲರ ಮುಂದೆ ಹೇಳಿದ್ರಾ?"

"ಹೂಂ. ಎಲ್ಲರ ಮುಂದೆ."

"ಅಕ್ಕ ಇದ್ರಾ?"

"ಇಲ್ಲ... ಅಕ್ಕ ಎಲ್ಲಿಂದ ಬರ್ತಾಳೆ ಅಲ್ಲಿಗೆ?"

"ನಾನು ತಪ್ಪಾಯ್ತು ಅಂದಾಗ ಅಕ್ಕ ಇದ್ರು" ಎಂದಳು. "ನೆಂಟ್ರೂ ಇದ್ರು."

ಕೆಲಸ ಹೋಯಿತಲ್ಲೇ, ಅದಕ್ಕಾದರೂ ಏನಾದರೂ ಹೇಳು ಎಂದು ಅವನಿಗೆ ಕೂಗಬೇಕೆನ್ನಿಸಿತು, ಕೂಗಲು ತನಗೇನು ಹಕ್ಕು ಎಂದೂ ಅನ್ನಿಸಿತು. ಅವಳು ಮಡಿಚಿದ ಬಟ್ಟೆಗಳನ್ನು ಎರಡು ಪಾಲು ಮಾಡಿ, ಅವನವು ಬೇರೆ ತನ್ನವು ಬೇರೆ ಇಟ್ಟು, ಮಂಚದ ಅಂಚಿನಲ್ಲಿ ಅವನ ಎದುರಿಗೆ ಕೂತಳು. ಅಷ್ಟು ನೇರವಾಗಿ ಅವನೆದುರು ಕೂತು ಎಷ್ಟು ಕಾಲವಾಗಿತ್ತೋ.

"ದಿನಾ ಕೇಳ್ತಿದ್ರಲ್ಲ, ಸರಿ ಹೋಯ್ತಾ ಸರಿ ಹೋಯ್ತಾ ಅಂತ" ಎಂದಳು. "ಇವತ್ತು ಕೇಳಲ್ವಾ?"

ಅವನಿಗೆ ಕೇಳುವುದು ಬೇಡವಾಗಿತ್ತು. ಇಷ್ಟು ದಿನ ಅದನ್ನು ಕೇಳಿದ್ದಾದರೂ ಹೇಗೆ ಎಂದು ದಿಗ್ಭ್ರಮೆಯಾಯಿತು. ಅವಳು ಕಾಯುತ್ತಿದ್ದಳು.

"ಸರಿ ಹೋಯ್ತಾ?" ಎಂದ.

"ಇಲ್ಲ" ಎಂದಳು.

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೇನೋ ಬರುತ್ತದೆ ಎಂಬಂತೆ, ಬಂದರೆ ತಡೆದುಕೊಳ್ಳಲು ಸಿದ್ಧಳಾದವಳಂತೆ, ಅವನ ಮುಖವನ್ನೇ ನೋಡುತ್ತ ಕೂತಳು. ಅವನು ಇನ್ನೊಮ್ಮೆ ಕೇಳಲಿಲ್ಲ.